ಕೇಳಿದ್ದಕ್ಕೆ ಹೇಳಿದ್ದು: ಮೊಗ್ಲಿಂಗ್ ಮನೆತನ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು?

ಪ್ರಶ್ನೆ: ನನ್ನ ಮಗ ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ ಕೆಲಸಕ್ಕಿದ್ದಾನೆ. ಮೊನ್ನೆ ಫೋನಿನಲ್ಲಿ, "ಅಮ್ಮಾ, ಇಲ್ಲಿ ಹತ್ತಿರದಲ್ಲೇ ಮ್ಯೋಗ್ಲಿಂಗನ್ ಅಂತ ಒಂದು ಊರಿನ ಬೋರ್ಡು ಕಂಡೆ, ಶಾಲೆಯಲ್ಲಿ ಕಲಿತ ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರದ ಪಾದ್ರಿ ಮೊಗ್ಲಿಂಗ್ ನೆನಪಾಯಿತು" ಎಂದ. ಆಫೀಸಿನಲ್ಲಿ ವಿಚಾರಿಸಿದರೆ ಆ ಹೆಸರಿನವರನ್ನು ಒಬ್ಬರೂ ಕಂಡಿಲ್ಲವಂತೆ. ಒಬ್ಬರಂತೂ, "ನಮ್ಮಲ್ಲಿ ಮ್ಯೋಗ್ಲಿಷ್ ಅಂದರೆ ಸಾಧ್ಯ ಅಂತ ಅರ್ಥ, ನಿಮ್ಮ ಪಾದ್ರಿ ಸಾಧ್ಯಪ್ಪ ಇರಬೇಕು" ಎಂದು ನಕ್ಕರಂತೆ. ನಿಜಕ್ಕೂ ಈ ಹೆಸರು ಎಲ್ಲಿಂದ ಬಂದದ್ದು? ಅಷ್ಟು ಅಪರೂಪವೇ?
— ಒಬ್ಬ ತಾಯಿ, ಪೈವಳಿಕೆ

ಉತ್ತರ: ಅಕ್ಕಾ, ಬೋರ್ಡು ಓದಿದಾಗಲೇ ನಿಮ್ಮ ಮಗನ ಕೈಗೆ ಅರ್ಧ ಉತ್ತರ ಸಿಕ್ಕಿದೆ. ನಕ್ಕವರ ಮಾತನ್ನು ಅಲ್ಲಿಗೇ ಬಿಡಿ. ಹೆಸರು ಕೇಳಿದೊಡನೆ ಕಿವಿಗೆ ಹತ್ತಿರವಾದ ಶಬ್ದ ಹಿಡಿದು ಅರ್ಥ ಹೇಳುವ ಚಾಳಿ ನಮ್ಮಲ್ಲೂ ಧಾರಾಳ ಇದೆ. ಕಾಸರಗೋಡು ಅಂದರೆ ಸಂಸ್ಕೃತದ ಕಾಸಾರ, ಅಂದರೆ ಕೆರೆ ಇರುವ ಊರು ಎಂದು ಭಾಷಣ ಮಾಡುವವರನ್ನು ಎಷ್ಟು ಸಲ ಕೇಳಿದ್ದೇವೆ! ಮಲಯಾಳದವರು ಕಾಞಿರ ಎನ್ನುವ, ನಾವು ಕಾಸರಕ ಎನ್ನುವ ಆ ಕಹಿ ಮರ ಪಕ್ಕದ ಗುಡ್ಡದಲ್ಲೇ ನಿಂತಿದ್ದರೂ ಅದರ ಕಡೆ ತಿರುಗಿ ನೋಡುವವರು ಕಡಿಮೆ. ನನ್ನ ಮತ ಮರಕ್ಕೆ.

ಮೊಗ್ಲಿಂಗ್ ವಿಷಯದಲ್ಲೂ ನನ್ನ ಮತ ಊರಿಗೇ. ಸ್ಟುಟ್‌ಗಾರ್ಟಿನ ಸುತ್ತಿನ ಸೀಮೆ ಹಿಂದೆ ವ್ಯುರ್ಟೆಂಬೆರ್ಗ್ ರಾಜ್ಯವಾಗಿತ್ತು. ಅಲ್ಲಿ ಎತ್ತ ಹೋದರೂ 'ಇಂಗನ್' ಬಾಲದ ಊರುಗಳು: ಟ್ಯೂಬಿಂಗನ್, ಎಸ್ಲಿಂಗನ್, ರಾಯ್ಟ್‌ಲಿಂಗನ್, ಗ್ಯೋಪಿಂಗನ್. ಅಲೆಮಾನ್ ಎಂಬ ಜನ ಆ ಕಡೆ ನೆಲೆಯೂರಿದ ಕಾಲದಲ್ಲಿ, ಗುಂಪಿನ ಯಜಮಾನನ ಹೆಸರಿಗೆ ಈ ಬಾಲ ಹಚ್ಚಿ ಊರನ್ನು ಕರೆದರು. 'ಇಂಥವನ ಕಡೆಯವರು ಇರುವಲ್ಲಿ' ಎಂದು ಭಾವ. ನಿಮ್ಮ ಮಗ ಕಂಡ ಮ್ಯೋಗ್ಲಿಂಗನ್ ಲುಡ್‌ವಿಗ್ಸ್‌ಬುರ್ಗ್ ಪಕ್ಕದ್ದು. ಇದೇ ಹೆಸರನ್ನು ನಡುವೆ ಇನ್ನೊಂದು 'ಗ' ಸೇರಿಸಿ ಬರೆಯುವ ಊರು ಅಲ್ಲಿಂದ ಪೂರ್ವಕ್ಕೆ, ಶ್ವೇಬಿಷ್ ಗ್ಮ್ಯುಂಡ್ ಹತ್ತಿರ ಇದೆ. ಊರು ಬಿಟ್ಟು ಬೇರೆ ಕಡೆ ನೆಲೆಸಿದವನನ್ನು ಹೊಸ ಊರಿನವರು ಹಳೆ ಊರಿನ ಹೆಸರು ಹಿಡಿದು ಕರೆಯುವುದು ಲೋಕರೂಢಿ. ಕಯ್ಯಾರ ಕಿಞ್ಞಣ್ಣ ರೈಗಳ ಹೆಸರಿನಲ್ಲಿ ಕಯ್ಯಾರ ಮುಂದೆ ಕೂತಿದೆ, ಜರ್ಮನರಲ್ಲಿ ಊರು ಹಿಂದೆ ಕೂರುತ್ತದೆ. ಅಷ್ಟೇ ವ್ಯತ್ಯಾಸ.

ಊರಿನಿಂದಲ್ಲದೆ, 'ಇಂಗ್' ಎಂಬ ಹಳೆಯ ಪ್ರತ್ಯಯದಿಂದಲೇ, 'ಇಂಥವನ ಮನೆಯವ' ಎಂಬ ಅರ್ಥದಲ್ಲಿ ನೇರವಾಗಿ ಬಂದಿರಬಹುದು ಎಂದು ವಾದಿಸುವವರಿಗೂ ಜಾಗವಿದೆ. ಆದರೆ ಹಳೆಯ ಮೊಗ್ಲಿಂಗ್‌ಗಳು ಕಾಣಸಿಗುವುದು ಆ ಎರಡು ಊರುಗಳಿರುವ ಇದೇ ವ್ಯುರ್ಟೆಂಬೆರ್ಗಿನಲ್ಲಿ. ಹಾಗಾಗಿ ನಾನು ಊರನ್ನು ಬಿಟ್ಟುಕೊಡುವುದಿಲ್ಲ.

ಇನ್ನು ಅಪರೂಪ ಯಾಕೆ ಎಂಬ ಪ್ರಶ್ನೆ. ಜರ್ಮನಿಯಲ್ಲಿ ಅತಿ ಹೆಚ್ಚು ಜನರಿಗಿರುವ ಮನೆತನದ ಹೆಸರುಗಳನ್ನು ನೋಡಿ: ಮ್ಯುಲ್ಲರ್, ಶ್ಮಿಟ್, ಶ್ನೈಡರ್, ಫಿಷರ್, ವೇಬರ್. ಹಿಟ್ಟಿನ ಗಿರಣಿಯವ, ಕಮ್ಮಾರ, ದರ್ಜಿ, ಮೀನು ಹಿಡಿಯುವವ, ನೇಕಾರ. ಊರಿಗೊಬ್ಬ ಗಿರಣಿಯವ ಇದ್ದೇ ಇದ್ದ, ಆದ್ದರಿಂದ ಒಬ್ಬರಿಗೊಬ್ಬರು ನೆಂಟರಲ್ಲದ ಸಾವಿರಾರು ಮ್ಯುಲ್ಲರ್‌ಗಳು ಏಕಕಾಲಕ್ಕೆ ಹುಟ್ಟಿಕೊಂಡರು. ಊರಿನ ಹೆಸರು ಹಾಗೆ ಹುಟ್ಟುವುದಿಲ್ಲ. ಮ್ಯೋಗ್ಲಿಂಗನ್ನಿನಲ್ಲೇ ಇದ್ದವನನ್ನು ಯಾರೂ ಮೊಗ್ಲಿಂಗ್ ಎಂದು ಕರೆಯಲಾರರು, ಅಲ್ಲಿ ಎಲ್ಲರೂ ಅದೇ ಊರಿನವರು ತಾನೆ! ಹೊರಗೆ ಹೋದವನಿಗೆ ಮಾತ್ರ ಆ ಹೆಸರು ಅಂಟುತ್ತದೆ. ಸಣ್ಣ ಊರು, ಹೋದವರು ಕೆಲವರು. ಹೋದವರಿಗೂ ಸಾಮಾನ್ಯವಾಗಿ ಸಿಗುವುದು 'ಅರ್' ಸೇರಿದ ರೂಪ, ಅಂದರೆ ಮ್ಯೋಗ್ಲಿಂಗರ್. ಬಾಲ ಮೊಟಕಾದ ಮೊಗ್ಲಿಂಗ್ ಇನ್ನೂ ವಿರಳ. ಬೀಜವೇ ಕಡಿಮೆ ಬಿದ್ದ ಮೇಲೆ ಬೆಳೆ ಎಲ್ಲಿಂದ ಬರಬೇಕು?

ಮೇಲೆ ಒಂದು ಕಾನೂನಿನ ತೊಡಕು. ಜರ್ಮನಿಯಲ್ಲಿ ಬಹುಕಾಲ ಮದುವೆಯಾದ ಹೆಣ್ಣು ಗಂಡನ ಮನೆತನದ ಹೆಸರನ್ನೇ ಇಟ್ಟುಕೊಳ್ಳಬೇಕಿತ್ತು. 1976ರಲ್ಲಿ ಇಬ್ಬರಲ್ಲಿ ಯಾರದ್ದನ್ನಾದರೂ ಆರಿಸಬಹುದು ಎಂದಾಯಿತು, ಒಪ್ಪಂದಕ್ಕೆ ಬಾರದಿದ್ದರೆ ಮಾತ್ರ ಗಂಡನದ್ದೇ. ಆ ಷರತ್ತನ್ನೂ ಅಲ್ಲಿನ ಸಂವಿಧಾನ ನ್ಯಾಯಾಲಯ 1991ರಲ್ಲಿ ತೆಗೆದುಹಾಕಿತು. 2025ರ ಮೇ ತಿಂಗಳಿಂದ ಗಂಡ ಹೆಂಡತಿ ಇಬ್ಬರೂ ಜೋಡಿ ಹೆಸರು ಇಟ್ಟುಕೊಳ್ಳಬಹುದು. 1976ಕ್ಕಿಂತ ಮೊದಲಿನ ಶತಮಾನಗಳಲ್ಲಿ ಮನೆಯಲ್ಲಿ ಬರೇ ಹೆಣ್ಣುಮಕ್ಕಳಿದ್ದರೆ ಹೆಸರು ಅಲ್ಲಿಗೇ ಮುಗಿಯಿತು. ಮ್ಯುಲ್ಲರ್‌ಗಳಲ್ಲಿ ನೂರು ಮನೆ ಹೀಗೆ ಮುಗಿದರೂ ಲೆಕ್ಕಕ್ಕಿಲ್ಲ, ಮೊಗ್ಲಿಂಗ್‌ಗಳಲ್ಲಿ ಎರಡು ಮನೆ ಮುಗಿದರೂ ಎದ್ದು ಕಾಣುತ್ತದೆ. ನಮ್ಮ ಅಳಿಯಕಟ್ಟಿನ ಮನೆಗಳಲ್ಲಿ ಇದು ತಿರುಗಾಮುರುಗ. ಬರಿ ಅಥವಾ ಬಳಿ ಎಂಬ ಕುಲದ ಹೆಸರು ತಾಯಿಯಿಂದ ಬರುವುದರಿಂದ ಹೆಣ್ಣುಮಕ್ಕಳಿದ್ದರೇ ಅದು ಮುಂದುವರಿಯುವುದು. ಗಂಡುಮಕ್ಕಳೇ ತುಂಬಿದ ತರವಾಡಿನಲ್ಲಿ ಹಿರಿಯರು ಯಾಕೆ ಕೊರಗುತ್ತಿದ್ದರು ಎಂದು ನಿಮ್ಮಲ್ಲಿ ಅಜ್ಜಿಯರಿದ್ದರೆ ಕೇಳಿ.

ಮನೆತನ ಅಪರೂಪವಾದರೂ ಸಾಮಾನ್ಯರದ್ದಲ್ಲ. ಹದಿನಾರನೆಯ ಶತಮಾನದಲ್ಲಿ ಡಾನಿಯೆಲ್ ಮೊಗ್ಲಿಂಗ್ (1546–1603) ಟ್ಯೂಬಿಂಗನ್ನಿನಲ್ಲಿ ವೈದ್ಯಶಾಸ್ತ್ರದ ಪ್ರಾಧ್ಯಾಪಕ. ಅದೇ ಮನೆತನದಲ್ಲಿ ಅದೇ ಹೆಸರಿನ ಇನ್ನೊಬ್ಬ (1596–1635) ವೈದ್ಯನೂ ಹೌದು, ಗಣಿತಜ್ಞನೂ ಹೌದು. ಈತ 1618ರಲ್ಲಿ ತಿಯೋಫಿಲಸ್ ಶ್ವೈಗ್‌ಹಾರ್ಟ್ ಎಂಬ ಗುಪ್ತನಾಮದಲ್ಲಿ ಗುಲಾಬಿ-ಶಿಲುಬೆಯ ರಹಸ್ಯ ಪಂಥದ ಬಗ್ಗೆ ಒಂದು ಪುಸ್ತಕ ಬರೆದ. ಅದರಲ್ಲಿ ಒಂದು ಚಿತ್ರವಿದೆ: ಒಂದು ಕೋಟೆಮನೆ, ಅದಕ್ಕೆ ಕೆಳಗೆ ಗಾಲಿಗಳು, ಪಕ್ಕದಲ್ಲಿ ರೆಕ್ಕೆಗಳು. ಯಾರ ಕೈಗೂ ಸಿಗದ ವಿದ್ವಾಂಸರ ಮಠ ಅದಂತೆ. ಅಂಥ ಚಿತ್ರ ಹಾಕಿಸಿದ ಮನೆಯ ಒಬ್ಬ ಎರಡು ಶತಮಾನ ಕಳೆದು ಬಾವುಟಗುಡ್ಡೆ, ಬಲ್ಮಠ ಎಂದು ಓಡಾಡಿದ ಎಂದರೆ ನನಗೆ ಈಗಲೂ ಬೆರಗು.

ನಮ್ಮ ಹರ್ಮನ್ ಮೊಗ್ಲಿಂಗ್ ಹುಟ್ಟಿದ್ದು 1811ರಲ್ಲಿ, ಬ್ರಾಕನ್‌ಹೈಮ್ ಎಂಬ ದ್ರಾಕ್ಷಿತೋಟಗಳ ಊರಿನಲ್ಲಿ. ಮುಂದೆ ಪಶ್ಚಿಮ ಜರ್ಮನಿಯ ಮೊದಲ ಅಧ್ಯಕ್ಷರಾದ ತಿಯೊಡೋರ್ ಹೊಯ್ಸ್ ಹುಟ್ಟಿದ್ದೂ ಅಲ್ಲಿಯೇ. ನಿಮ್ಮ ಮಗನಿಗೆ ಒಂದು ಭಾನುವಾರದ ದಾರಿ ಅಷ್ಟೇ. ಮೊಗ್ಲಿಂಗ್ 1836ರಲ್ಲಿ ಬಾಸೆಲ್ ಮಿಶನಿನ ಪಾದ್ರಿಯಾಗಿ ಮಂಗಳೂರಿಗೆ ಬಂದರು. 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ಮಂಗಳೂರ ಸಮಾಚಾರ ಹೊರಡಿಸಿದರು, ಬೆಲೆ ಒಂದು ದುಡ್ಡು. ಆಗ ಕಾಸರಗೋಡೂ ಮಂಗಳೂರೂ ಒಂದೇ ಕೆನರಾ ಜಿಲ್ಲೆ, ನಡುವೆ ಯಾವ ಗಡಿಯೂ ಇಲ್ಲ. 1848ರಿಂದ ಬಿಬ್ಲಿಯೋಥೆಕಾ ಕರ್ನಾಟಿಕಾ ಎಂಬ ಮಾಲೆಯಲ್ಲಿ ಹಳೆಯ ಕನ್ನಡ ಕಾವ್ಯಗಳನ್ನೂ ದಾಸರ ಪದಗಳನ್ನೂ ಅಚ್ಚಿಗೆ ತಂದರು. ಅದೇ 1848ರಲ್ಲಿ ಊರಿನಲ್ಲಿದ್ದ ಅವರ ತಮ್ಮ ತಿಯೊಡೋರ್ ಮೊಗ್ಲಿಂಗ್ ಕೋವಿ ಹಿಡಿದು, ಅರಸರ ವಿರುದ್ಧ ಹೆಕ್ಕರ್ ಎಂಬವ ಎಬ್ಬಿಸಿದ ಬಂಡಾಯಕ್ಕೆ ಸೇರಿದ್ದ. ಮರುವರ್ಷ ವಾಗ್‌ಹೊಯ್ಸೆಲ್ ಕಾಳಗದಲ್ಲಿ ಗಾಯಗೊಂಡು ಸೆರೆಯಾದ. ಅಣ್ಣ ಜೈಮಿನಿ ಭಾರತದ ಪಾಠ ತಿದ್ದುವಾಗ ತಮ್ಮ ಅರಸರ ಸೈನ್ಯದೊಡನೆ ಹೊಡೆದಾಡುತ್ತಿದ್ದ. ಒಂದು ಅಪರೂಪದ ಹೆಸರಿನ ಇಬ್ಬರು ಮಕ್ಕಳು ಹೀಗೆ ಎರಡು ದಿಕ್ಕು ಹಿಡಿದದ್ದು ನಮ್ಮ ಪಠ್ಯಪುಸ್ತಕಗಳಲ್ಲಿ ಬರುವುದಿಲ್ಲ.

ಈಗ ಹುಡುಕುವ ಮಾತು. ಮಂಜೇಶ್ವರದಲ್ಲಿ ಆಧಾರ, ಅಂದರೆ ಆಸ್ತಿಪತ್ರ, ಬರೆದೇ ತಲೆ ಹಣ್ಣಾದವ ನಾನು. ಹೆಸರಿನ ಅಕ್ಷರ ಏನೆಲ್ಲ ಮಾಡುತ್ತದೆ ಎಂದು ಬಲ್ಲೆ. ಕನ್ನಡದ ಹಳೆ ಆಧಾರದಲ್ಲಿ 'ಕೆ. ನಾರಾಯಣ', ಮಲಯಾಳದ ರೇಷನ್ ಕಾರ್ಡಿನಲ್ಲಿ 'ನಾರಾಯಣನ್', ಇಂಗ್ಲಿಷಿನ ಪಾಸ್‌ಪೋರ್ಟಿನಲ್ಲಿ 'ನಾರಾಯಣ ಕೆ.' ಎಂದಿದ್ದರೆ ಮೂವರೂ ಒಬ್ಬನೇ ಎಂದು ವಿಲೇಜ್ ಆಫೀಸರರಿಂದ ಸರ್ಟಿಫಿಕೇಟು ತರದೆ ಗತಿಯಿಲ್ಲ. ಮೊಗ್ಲಿಂಗ್‌ಗೂ ಅಂಥ ಸರ್ಟಿಫಿಕೇಟು ಬೇಕಾಗುತ್ತದೆ. ಜರ್ಮನ್ ಬರಹದಲ್ಲಿ ಆ ಮೊದಲ ಸ್ವರ, ತಲೆಯ ಮೇಲೆ ಎರಡು ಚುಕ್ಕಿ ಇಟ್ಟ 'ಓ'. ತುಟಿಯನ್ನು 'ಓ' ಎನ್ನುವಂತೆ ದುಂಡಗೆ ಮಾಡಿ ಒಳಗಿಂದ 'ಏ' ಎಂದರೆ ಹೊರಡುವ ಸದ್ದು ಅದು. ನಮ್ಮಲ್ಲಿ ಅದಕ್ಕೆ ಅಕ್ಷರವಿಲ್ಲ. ಆದ್ದರಿಂದ ಮೊಗ್ಲಿಂಗ್, ಮೋಗ್ಲಿಂಗ್, ಮೇಗ್ಲಿಂಗ್, ಮ್ಯೋಗ್ಲಿಂಗ್ ಎಲ್ಲವೂ ಕನ್ನಡದಲ್ಲಿ ಓಡಾಡುತ್ತಿವೆ. ಇಂಗ್ಲಿಷಿನಲ್ಲಿ ಚುಕ್ಕಿಗೆ ಬದಲು ಒಂದು 'ಇ' ಸೇರಿಸುತ್ತಾರೆ. ಕೊಡಗಿನ ಬಗ್ಗೆ ಅವರು 1855ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ಪುಸ್ತಕದ ಮೇಲೂ ಹಾಗೆಯೇ ಇದೆ. ಇಂದಿನ ಜರ್ಮನ್ ಪಾಸ್‌ಪೋರ್ಟಿನಲ್ಲಿ ಯಂತ್ರ ಓದುವ ಕೆಳಗಿನ ಸಾಲಿನಲ್ಲೂ ಹೀಗೆಯೇ ಬರುತ್ತದೆ. ಚುಕ್ಕಿಯೂ ಇಲ್ಲ, 'ಇ'ಯೂ ಇಲ್ಲ ಎಂಬ ಮೂರನೆಯ ರೂಪವೂ ಉಂಟು. ಮಗ ಮೂರನ್ನೂ ಹಾಕಿ ಹುಡುಕಲಿ. ಒಂದನ್ನೇ ಹಾಕಿ 'ಯಾರೂ ಇಲ್ಲ' ಎಂದುಬಿಟ್ಟರೆ ಪ್ರಯೋಜನವಿಲ್ಲ.

ಹೆಸರು ಎಲ್ಲಿ ಎಷ್ಟಿದೆ ಎಂದು ಜರ್ಮನ್ ವಿದ್ವಾಂಸರು ನಕ್ಷೆ ಮಾಡಿದ್ದಾರೆ, ಅದಕ್ಕೆ ಆಧಾರ 2005ರ ದೂರವಾಣಿ ಚಂದಾದಾರರ ಪಟ್ಟಿ. ಮೊಬೈಲ್ ಎಲ್ಲರ ಕೈಗೆ ಬಂದು ಲ್ಯಾಂಡ್‌ಲೈನ್ ಕಿತ್ತು ಹಾಕುವ ಮೊದಲಿನ ಪಟ್ಟಿ ಬೇಕಿತ್ತು, ಅದಕ್ಕೆ ಆ ವರ್ಷ. ಒಂದು ಮನೆಗೆ ಒಂದು ಫೋನು ಎಂದು ಲೆಕ್ಕ ಹಾಕಿದರೆ ಜನ ಅದಕ್ಕಿಂತ ಎರಡು ಮೂರು ಪಟ್ಟು. ಹಿಂದಿನ ತಲೆಮಾರು ಬೇಕಾದರೆ ಚರ್ಚಿನ ದಾಖಲೆಯೇ ಸರಿ. ವ್ಯುರ್ಟೆಂಬೆರ್ಗಿನಲ್ಲಿ ಜ್ಞಾನಸ್ನಾನ, ಮದುವೆಗಳ ಪುಸ್ತಕ 1558ರಿಂದಲೇ ಕಡ್ಡಾಯ. 1808ರಿಂದ ಕುಟುಂಬ ರಿಜಿಸ್ಟರ್ ಎಂದು ಬೇರೆಯೇ ಶುರುವಾಯಿತು, ನಮ್ಮ ರೇಷನ್ ಕಾರ್ಡಿನ ಹಾಗೆ: ಒಂದು ಮನೆಗೆ ಒಂದು ಪುಟ, ಗಂಡ ಹೆಂಡತಿ ಮಕ್ಕಳು, ಯಾರು ಯಾವಾಗ ಹುಟ್ಟಿದರು, ಎಲ್ಲಿಗೆ ಮದುವೆಯಾಗಿ ಹೋದರು ಎಲ್ಲ ಅದರಲ್ಲೇ. ಆಧಾರ ಬರೆಯುವವನಿಗೆ ಅಂಥದ್ದೊಂದು ನಮ್ಮಲ್ಲೂ ಇದ್ದಿದ್ದರೆ ಎಂದು ಹೊಟ್ಟೆಯುರಿ. ಬರೇ ಮಿಶನಿನ ವಿಚಾರ ಬೇಕಾದವರಿಗೆ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿರುವ ಮಿಶನ್ 21 ಸಂಸ್ಥೆಯ ಕಡತಗಳಿವೆ. ಅಷ್ಟು ದೂರ ಯಾಕೆ ಎನ್ನುವವರಿಗೆ ಮಂಗಳೂರು ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಸಂಗ್ರಹವಿದೆ.

ನಮ್ಮ ಕರಾವಳಿಯಲ್ಲಿ ಮೊಗ್ಲಿಂಗ್ ಎಂಬ ಮನೆತನ ಬೇರೂರಲಿಲ್ಲ, ಹರ್ಮನ್ ಎಂಬ ಹೆಸರು ಮಾತ್ರ ಉಳಿಯಿತು. 1844ರಲ್ಲಿ ಜ್ಞಾನಸ್ನಾನ ಪಡೆದ ಆನಂದರಾವ್ ಕೌಂಡಿನ್ಯರು ಗುರುವಿನ ಹೆಸರನ್ನು ಮುಂದೆ ಹಾಕಿಕೊಂಡು ಹರ್ಮನ್ ಆನಂದರಾವ್ ಕೌಂಡಿನ್ಯ ಆದರು, ಆದರೆ ಹಿಂದಿನ ಕೌಂಡಿನ್ಯವನ್ನು ಬಿಡಲಿಲ್ಲ. ಗೋವೆಯ ಕಡೆಯಿಂದ ಬಂದ ಕ್ಯಾಥೊಲಿಕರ ಡಿಸೋಜ, ಪಿಂಟೊ, ಲೋಬೊಗಳಂತೆ ವಿದೇಶಿ ಮನೆತನವನ್ನೇ ಹೊರುವ ಪದ್ಧತಿ ಬಾಸೆಲ್ ಮಿಶನಿನವರಲ್ಲಿ ಬರಲಿಲ್ಲ. ಮಂಗಳೂರಿನ ಪ್ರೊಟೆಸ್ಟೆಂಟರಲ್ಲಿ ಈಗಲೂ ಬಂಗೇರ, ಕೋಟ್ಯಾನ್, ಸಾಲ್ಯಾನ್ ಇದ್ದಾರೆ. ಅವೆಲ್ಲ ತುಳುನಾಡಿನ ಬರಿಗಳೇ.

ಪ್ರಶ್ನೆ: ಮೊಗ್ಲಿಂಗ್ ಊರಿನ ಹೆಸರಾದರೆ ಉಳಿದ ಪಾದ್ರಿಗಳದ್ದು? ನಿಘಂಟಿನ ಕಿಟೆಲರ ಹೆಸರಿಗೆ ಜರ್ಮನಿಯಲ್ಲಿ ಡಾಕ್ಟರರ ಬಿಳಿ ಕೋಟು ಎಂದು ಅರ್ಥ ಎಂಬುದು ನಿಜವೇ?
— ನಿವೃತ್ತ ಅಧ್ಯಾಪಕರು, ನೀರ್ಚಾಲು

(ಹಿಂದಿನ ಪ್ರಶ್ನೆಯನ್ನು ನಾನೇ ಚಹಾದಂಗಡಿಯಲ್ಲಿ ಇವರಿಗೆ ಓದಿ ಹೇಳಿದ್ದೆ, ಅಲ್ಲಿಂದ ಹುಟ್ಟಿದ್ದು ಇದು.)

ಉತ್ತರ: ನಿಜ ಮಾಸ್ಟ್ರೇ. ಕೋಟು ಎನ್ನುವುದಕ್ಕಿಂತ, ಬಟ್ಟೆ ಕೊಳೆಯಾಗದಂತೆ ಕೆಲಸದ ಹೊತ್ತಿನಲ್ಲಿ ಮೇಲಿಂದ ತೊಡುವ ಸಡಿಲ ನಿಲುವಂಗಿ ಎಂದರೆ ಸರಿ. ಹಳೆಯ ಕಾಲದಲ್ಲಿ ಅದನ್ನು ಹೊಲಿಯುವವನಿಗೋ ಯಾವಾಗಲೂ ಅದನ್ನೇ ತೊಟ್ಟು ತಿರುಗುವವನಿಗೋ ಅಡ್ಡಹೆಸರಾಗಿ ಬಂದು ಮನೆತನವಾಗಿದೆ. ಇಂಥದ್ದು ಎಲ್ಲಿ ಬೇಕಾದರೂ ಹುಟ್ಟಬಹುದಾದ್ದರಿಂದ ಕಿಟೆಲ್‌ಗಳು ಮೊಗ್ಲಿಂಗ್‌ಗಳಷ್ಟು ಅಪರೂಪವಲ್ಲ, ಸಾಕ್ಸನಿ, ಬೊಹೀಮಿಯಾ ಕಡೆ ಹೆಚ್ಚು. ನಮ್ಮ ಫರ್ಡಿನಾಂಡ್ ಕಿಟೆಲ್ (1832–1903) ಮಾತ್ರ ಹುಟ್ಟಿದ್ದು ಉತ್ತರದ ಸಮುದ್ರ ಕರೆಯ ರೆಸ್ಟರ್‌ಹಾಫೆಯಲ್ಲಿ, ತಂದೆ ಅಲ್ಲಿ ಪಾದ್ರಿ. ಬೇರೆ ಕಿಟೆಲ್‌ಗಳಲ್ಲಿ ಸಂಗೀತಗಾರ ಬಾಖ್‌ನ ಕೊನೆಯ ಶಿಷ್ಯರ ಪೈಕಿಯ ಆರ್ಗನ್ ವಾದಕ ಯೋಹಾನ್ ಕ್ರಿಸ್ಟಿಯಾನ್ ಕಿಟೆಲ್ ಒಬ್ಬ. ಎಂ.ಎಸ್‌ಸಿ. ಭೌತಶಾಸ್ತ್ರದ ಮಕ್ಕಳು 'ಕಿಟೆಲ್ ಓದಿದೆಯಾ' ಎಂದು ಕೇಳಿಕೊಳ್ಳುವುದು ಅಮೆರಿಕದ ಚಾರ್ಲ್ಸ್ ಕಿಟೆಲ್ (1916–2019) ಅವರ ಪಠ್ಯವನ್ನು. ಅಮೆರಿಕದ ಹೆಸರಾಂತ ಕರಿಯ ನಾಟಕಕಾರ ಆಗಸ್ಟ್ ವಿಲ್ಸನ್ ಹುಟ್ಟುವಾಗ ಫ್ರೆಡೆರಿಕ್ ಆಗಸ್ಟ್ ಕಿಟೆಲ್. ತಂದೆ ಬೊಹೀಮಿಯಾ ಕಡೆಯ ಜರ್ಮನ್. ತಂದೆಯ ಹೆಸರು ಬಿಟ್ಟು ತಾಯಿಯ ಹೆಸರು ಹಿಡಿದ. ಎಲ್ಲರೂ ಒಂದೇ ಬುಡದವರು ಎಂದು ವಂಶವೃಕ್ಷ ಬರೆಯಲು ಹೊರಡಬೇಡಿ. ನಮ್ಮಲ್ಲಿ ಶೆಣೈಗಳೆಲ್ಲ ಒಂದೇ ಮನೆಯವರೇ?

1834ರಲ್ಲಿ ಮಂಗಳೂರಿಗೆ ಮೊದಲು ಬಂದಿಳಿದ ಬಾಸೆಲ್ ಮಿಶನಿನ ಮೂವರು ಪಾದ್ರಿಗಳ ಹೆಸರುಗಳೂ ಸ್ವಾರಸ್ಯದವು. ಹೆಬಿಕ್ ಎಂದರೆ ಗಿಡುಗ ಎಂಬ ಶಬ್ದದ ಹಳೆಯ ರೂಪ. ಕಣ್ಣೂರಿನ ಕಡೆ ಅವರ ಗಡ್ಡವನ್ನೂ ಗಂಟಲನ್ನೂ ನೆನಪಿಡುವ ಮುದುಕರ ಕತೆ ಕೇಳಿದ್ದರೆ ಹೆಸರು ಒಪ್ಪುತ್ತದೆ ಎನ್ನುವಿರಿ. ಗ್ರೈನರ್ ಎಂದರೆ ಗೊಣಗುವವ, ಜಗಳಗಂಟ. ಅದು ವ್ಯುರ್ಟೆಂಬೆರ್ಗಿನಲ್ಲಿ ಅವಮಾನವೇನಲ್ಲ, ಹದಿನಾಲ್ಕನೆಯ ಶತಮಾನದ ಅವರ ಪಾಳೆಯಗಾರ ಎಬರ್‌ಹಾರ್ಡನಿಗೇ ಆ ಬಿರುದಿತ್ತು. ಮೂರನೆಯ ಲೇನರ್ ನನಗೆ ಅತಿ ಪ್ರಿಯ: ಧಣಿಯ ಭೂಮಿಯನ್ನು ಕರಾರಿನ ಮೇಲೆ ಹಿಡಿದು ಸಾಗುವಳಿ ಮಾಡುವವ. ನಮ್ಮ ಕಾಗದದಲ್ಲಿ ಬರೆಯುವುದಾದರೆ ಮೂಲಗೇಣಿ ಒಕ್ಕಲು.

ಪ್ರಶ್ನೆ: ಹಳೆ ಮನೆ ಬಿಚ್ಚುವಾಗ ಸಿಕ್ಕಿದ ಹಂಚಿನಲ್ಲಿ 'ಬಾಸೆಲ್ ಮಿಶನ್ ಟೈಲ್ ವರ್ಕ್ಸ್ 1865' ಎಂದು ಇಂಗ್ಲಿಷಿನಲ್ಲಿದೆ. ಬಾಸೆಲ್ ಎಂಬುದು ಜರ್ಮನ್ ಸಾಹೇಬರ ಮನೆತನದ ಹೆಸರಾ? ಹಂಚಿಗೆ ನೂರರವತ್ತು ವರ್ಷವಾಯಿತೆಂದು ಒಬ್ಬರು ಒಳ್ಳೆ ಬೆಲೆ ಕೇಳುತ್ತಿದ್ದಾರೆ.
— ಓದುಗ ಯುವಕ, ಬದಿಯಡ್ಕ

ಉತ್ತರ: ಅಲ್ಲ ತಮ್ಮಾ. ಬಾಸೆಲ್ ಸ್ವಿಟ್ಜರ್ಲೆಂಡಿನ ಒಂದು ಪೇಟೆ, ಮಿಶನಿನ ಮುಖ್ಯ ಕಚೇರಿ ಇದ್ದದ್ದು ಅಲ್ಲಿ. ಕೆಲಸಕ್ಕೆ ಬಂದವರು ಹೆಚ್ಚಾಗಿ ವ್ಯುರ್ಟೆಂಬೆರ್ಗಿನವರು. ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಕಟ್ಟಿದವರು ಗೆಯೋರ್ಗ್ ಪ್ಲೆಬ್ಸ್ಟ್. ಹಂಚಿನ ಮೇಲೆ ಅವರ ಹೆಸರೆಲ್ಲೂ ಇಲ್ಲ. ತಮಾಷೆಯೆಂದರೆ ಜರ್ಮನಿನಲ್ಲಿ ಹಂಚು, ಇಟ್ಟಿಗೆ ಮಾಡುವವನ ಮನೆತನ ತ್ಸೀಗ್ಲರ್. ಆ ಹೆಸರಿನವರು ಮಿಶನಿನಲ್ಲಿ ಇದ್ದೂ ಇದ್ದರು, ಆದರೆ ಅವರು ಮಾಡಿದ್ದು ಶಾಲಾಮಕ್ಕಳಿಗೆ ಇಂಗ್ಲಿಷ್-ಕನ್ನಡ ನಿಘಂಟು.

1865 ಕಾರ್ಖಾನೆ ಶುರುವಾದ ವರ್ಷ, ಹಂಚು ಸುಟ್ಟ ವರ್ಷವಲ್ಲ. ಆ ಮುದ್ರೆ ಮುಂದಿನ ದಶಕಗಳ ಹಂಚಿನಲ್ಲೂ ಹಾಗೇ ಬಂದಿದೆ. ಒಂದನೆಯ ಮಹಾಯುದ್ಧದಲ್ಲಿ ಜರ್ಮನರ ಸೊತ್ತೆಂದು ಸರಕಾರ ಕಾರ್ಖಾನೆಗಳನ್ನು ವಶಪಡಿಸಿತು, ಆಮೇಲೆ ಅವು ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋದವು. ಬಾಸೆಲ್ ಮಿಶನ್ ಎಂದೇ ಇರುವ ನಿನ್ನ ಹಂಚು ಅದಕ್ಕಿಂತ ಮೊದಲಿನದ್ದು ಎಂದಷ್ಟೇ ಧೈರ್ಯವಾಗಿ ಹೇಳಬಹುದು. ಬೆಲೆ ಮಾತಾಡುವಾಗ ಮೂಲೆ ಒಡೆದವನ್ನೂ ಇಡಿಯವನ್ನೂ ಬೇರೆ ಬೇರೆ ಎಣಿಸು.